ಲಗ್ನಪತ್ರಿಕೆಗೆ ಬಿದ್ದ ದಂಡ

ನಮ್ಮ ಮನೆಯ ಷೋಕೇಸಿನಲ್ಲಿ ಮಗಳ ಮದುವೆಯ ಲಗ್ನಪತ್ರಿಕೆಯೊಂದು ಇನ್ನೂ ಇದೆ. ಅವೆನ್ಯೂ ರಸ್ತೆಯ ಅಂಗಡಿಯಲ್ಲಿ ಅರ್ಧ ದಿನ ಕುಳಿತು, ಹೆಂಡತಿಗೆ ಹಿಡಿಸಿದ ಬಣ್ಣ ಮಗಳಿಗೆ ಹಿಡಿಸದೆ, ಮಗಳಿಗೆ ಹಿಡಿಸಿದ್ದರ ಬೆಲೆ ನನಗೆ ಹಿಡಿಸದೆ, ಕೊನೆಗೆ ಯಾರಿಗೂ ಹಿಡಿಸದ ಒಂದನ್ನು ಎಲ್ಲರೂ ಒಪ್ಪಿ ಅಚ್ಚು ಹಾಕಿಸಿದ್ದು. ಮೇಲೆ ಚಿನ್ನದ ಬಣ್ಣದ ಗಣಪತಿ, ಮೂಲೆಗಳಿಗೆ ಅರಿಶಿನ, ಕೆಳಗೆ ದಪ್ಪಕ್ಷರದಲ್ಲಿ ನನ್ನ ಹೆಸರು ಮತ್ತು ಚಾಮರಾಜಪೇಟೆಯ ವಿಳಾಸ. ಅಕ್ಷರ ಅಷ್ಟು ದಪ್ಪವಿರಬೇಕೆಂದು ಹಟ ಹಿಡಿದವನು ನಾನೇ. ಬೀದಿಯಲ್ಲಿ ಒಬ್ಬರನ್ನೂ ಬಿಡದೆ ಕರೆದೆ ಎಂಬ ಜಂಬವೂ ನನ್ನದೇ.

ನಮ್ಮ ಬೀದಿಯ ಮೂಲೆಯಲ್ಲಿ ಒಂದು ಅರಳಿಕಟ್ಟೆ, ಅದರ ಪಕ್ಕಕ್ಕೆ ‘ಇಲ್ಲಿ ಕಸ ಹಾಕಬಾರದು’ ಎಂಬ ಬೋರ್ಡು. ಕಸ ಹಾಕಲು ಬರುವವರು ಕತ್ತಲಲ್ಲಿ ಜಾಗ ಹುಡುಕಿ ತೊಂದರೆಪಡದಿರಲೆಂದು ನೆಟ್ಟಂತಿದೆ. ಬುದ್ಧಿ ಹೇಳಿ ಸೋತು, ಗೋಡೆಗೆ ದೇವರ ಚಿತ್ರ ಬರೆಸಿ ಸೋತು, ನಮ್ಮ ನಗರಾಡಳಿತ ಕೊನೆಗೆ ‘ದಂಡಂ ದಶಗುಣಂ’ ಎಂಬ ಹಳೆಯ ಮದ್ದಿಗೇ ಮರಳಿತು. ಚೀಲ ಬಿಚ್ಚಿ, ಅದರೊಳಗಿನ ಕಾಗದದಲ್ಲಿ ಯಾರ ವಿಳಾಸವಿದೆಯೋ ಅವರಿಗೆ ದಂಡ ಹಾಕುವುದೇ ಮದ್ದಿನ ಕ್ರಮ. ಗೆಳೆಯರೇ, ಇಂಥ ಕಾನೂನಿರುವ ಊರಿನಲ್ಲಿ ತನ್ನ ವಿಳಾಸವನ್ನು ತಾನೇ ಮುನ್ನೂರು ಮನೆಗೆ ಹಂಚಿದ ಬುದ್ಧಿವಂತ ನಿಮ್ಮೆದುರಿಗಿದ್ದಾನೆ.

ಮದುವೆಯಾದ ಮರುವಾರ ಬೆಳಗ್ಗೆ ಕಸದ ದಂಡ ಹಾಕುವ ಸಮವಸ್ತ್ರದ ಮಾರ್ಷಲ್ ಒಬ್ಬರು ನನ್ನನ್ನು ಅರಳಿಕಟ್ಟೆಗೆ ಕರೆಸಿದರು. ಕಟ್ಟೆಯ ಮೇಲೆ ನನ್ನ ಹನ್ನೊಂದು ಲಗ್ನಪತ್ರಿಕೆಗಳು ಸಾಲಾಗಿ ಕುಳಿತಿದ್ದವು.

“ಅಲ್ರೀ, ಇದು ನಾನು ಊರಿಗೆಲ್ಲ ಹಂಚಿದ್ದು. ಬಿಸಾಕಿರೋರು ತಗೊಂಡೋರು.”

“ಅಡ್ರೆಸ್ ನಿಮ್ದೇ ಅಲ್ವಾ ಸಾರ್? ಒಂದ್ಸಲ ಆದ್ರೆ ಐನೂರು. ಹನ್ನೊಂದು ಸಿಕ್ಕಿದೆ, ರಿಪೀಟ್ ಕೇಸು, ಸಾವಿರ ಆಗುತ್ತೆ. ಹೆಸರು ವಾರ್ಡ್ ಆಫೀಸ್ ಬೋರ್ಡ್ ಮೇಲೂ ಬರುತ್ತೆ.”

ಸಾವಿರ ಹೋದರೆ ಹಾಳಾಗಲಿ, ಬೋರ್ಡಿನ ಮಾತು ಕೇಳಿ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಸುತ್ತ ಕಣ್ಣು ಹಾಯಿಸಿದೆ. ಮೊನ್ನೆ ಮೊನ್ನೆ ನಮ್ಮ ಹೋಳಿಗೆಯನ್ನು ಎರಡೆರಡು ಸಲ ಹಾಕಿಸಿಕೊಂಡವರು ಹಾಲಿನ ಪ್ಯಾಕೆಟ್ ಹಿಡಿದು ಹಾದುಹೋಗುತ್ತಾ, “ಛೇ, ಪಾಪ” ಎಂದು ಮರುಗಿದರು. ಹನ್ನೊಂದರಲ್ಲಿ ಅವರದೆಷ್ಟೋ ಆ ಗಣಪತಿಗೇ ಗೊತ್ತು.

ಗಣಪತಿಗೆ ಮಾತ್ರವಲ್ಲ, ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕ ಮುನಿಯಮ್ಮನಿಗೂ ಗೊತ್ತಿತ್ತು. ಪೊರಕೆ ಒರಗಿಸಿ ಅವಳೇ ಮುಂದೆ ಬಂದಳು.

“ಅದು ಅವ್ರ ಮನೆ ಕಸ ಅಲ್ಲ ಸಾರ್. ಅವ್ರು ದಿನಾ ಗಾಡಿಗೇ ಕೊಡ್ತಾರೆ. ಪತ್ರಿಕೆ ಎತ್ತಿ ಕಟ್ಟೆ ಮೇಲಿಟ್ಟಿದ್ದು ನಾನು. ಗಣಪತಿನ ಕಸದ್ ಜೊತೆ ಹೆಂಗೆ ಗುಡಿಸೋದು? ಯಾರ್ ಚೀಲ ಯಾವ್ದು ಅಂತ ಬೇಕಾದ್ರೆ ಹೇಳ್ತೀನಿ.”

“ಬರ್ದು ಕೊಡ್ತೀಯೇನಮ್ಮಾ?”

“ಬರೆಯೋಕೆ ಬರಲ್ಲ ಸಾರ್.”

ಅಲ್ಲಿಗೆ ವಿಚಾರಣೆ ಮುಗಿಯಿತು. ಇಡೀ ಬೀದಿಯ ಕಸದ ಕುಲಗೋತ್ರ ಬಲ್ಲ ಒಬ್ಬಳೇ ಒಬ್ಬಳ ಮಾತು ಕಾಗದದ ಮೇಲಿಲ್ಲವಾದ್ದರಿಂದ ಗಾಳಿಗೆ ಹೋಯಿತು, ಕಾಗದದ ಮೇಲಿದ್ದ ನನ್ನ ಹೆಸರು ಸಿಕ್ಕಿಬಿತ್ತು. ರಸೀದಿ ಹರಿದುಕೊಟ್ಟ ಮಾರ್ಷಲ್ ಅದರ ಕಾರ್ಬನ್ ಹಾಳೆಯನ್ನು ಅಲ್ಲೇ ಎಸೆದು ಬೈಕ್ ಹತ್ತಿದರು.

ಮುನಿಯಮ್ಮ ಒಂದು ಪತ್ರಿಕೆಯನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟಳು. ನನಗೆ ಕಣ್ಣು ತುಂಬಿತು. ಆ ಧಾರಾಳದಲ್ಲಿ ಕೇಳಿಬಿಟ್ಟೆ: “ಮದುವೆಗೆ ಯಾಕಮ್ಮಾ ಬರ್ಲಿಲ್ಲ?”

“ಮದುವೆ ಆದ್ಮೇಲೆ ಅಲ್ವಾ ಸಾರ್ ನಂಗೆ ಪತ್ರಿಕೆ ಸಿಕ್ಕಿದ್ದು?” ಎಂದು ನಕ್ಕು, ಕಾರ್ಬನ್ ಹಾಳೆಯನ್ನೂ ಸೇರಿಸಿ ಗುಡಿಸತೊಡಗಿದಳು.

ಷೋಕೇಸಿನಲ್ಲಿರುವುದು ಅದೇ ಪತ್ರಿಕೆ. ಬಂದವರು ಗಣಪತಿಯನ್ನು ಹೊಗಳುತ್ತಾರೆ, ನನ್ನ ಕಣ್ಣು ಮಾತ್ರ ಅರಿಶಿನದ ಪಕ್ಕದ ಸಾರಿನ ಕಲೆಗೇ ಹೋಗುತ್ತದೆ. ಬೀದಿಯಲ್ಲಿ ಒಬ್ಬರನ್ನೂ ಬಿಡಲಿಲ್ಲ ಎಂದು ಬೀಗಿದವನಿಗೆ, ದಿನಾ ಬೆಳಗ್ಗೆ ಬಾಗಿಲ ಮುಂದೆಯೇ ಇದ್ದವಳು ಕಂಡಿರಲಿಲ್ಲ.

ಕಳೆದ ವಾರ ಮಗಳ ಸೀಮಂತದ ಪತ್ರಿಕೆ ಅಚ್ಚಾಗಿ ಬಂತು. ಮೂಲೆಗಳಿಗೆ ಅರಿಶಿನ ಹಚ್ಚಿ ಮೊದಲನೆಯದನ್ನು ಮುನಿಯಮ್ಮನಿಗೇ ಕೊಡಬೇಕೆಂದು, ಬೆಳಗ್ಗೆ ಆರಕ್ಕೇ ಹೋಗಿ ಕಟ್ಟೆಯ ಹತ್ತಿರ ನಿಂತೆ. ಅವಳು ಕೈ ಒರೆಸಿಕೊಂಡು ತೆಗೆದುಕೊಂಡಳು. ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದಳು:

“ಇದೆಲ್ಲಿ ಬಿದ್ದಿತ್ತು ಸಾರ್?”