ಕೂಸಿನ ಕಿವಿಯಲ್ಲಿ ಹೇಳಿದ ಮಾತು

ಧಾರವಾಡದ ಕಡೆಯ ಸಂಶಿ ಊರಿನ ಕನ್ನಡ ಮಾಸ್ತರರೊಬ್ಬರು ನವ್ಯ ಕವಿತೆ ಬರೆಯುತ್ತಿದ್ದರು. ಯಾವುದಕ್ಕೂ ಶೀರ್ಷಿಕೆ ಕೊಡುತ್ತಿರಲಿಲ್ಲ. ಕೇಳಿದರೆ ಕನ್ನಡಕವನ್ನು ಹಣೆಗೇರಿಸಿ, “ಮೊದಲ ಇರೂದ್ರಿ, ಆಮ್ಯಾಲ ಅರ್ಥ” ಎನ್ನುತ್ತಿದ್ದರು. ಇರುವಿಕೆಯೇ ಮೊದಲು, ಹೆಸರು ಅದರ ಮೇಲೆ ಹೊದಿಸಿದ ಬಟ್ಟೆ ಎಂಬುದು ಅವರ ಕಾವ್ಯತತ್ತ್ವ.

ಆ ತತ್ತ್ವ ಮಗಳ ನಾಮಕರಣದವರೆಗೂ ಬಂದಿತು. ಅದು ಎಪ್ಪತ್ತನಾಲ್ಕೋ ಎಪ್ಪತ್ತೈದೋ. ನನ್ನ ನೆನಪಿಗೂ ಅವರ ಅಕ್ಕನ ನೆನಪಿಗೂ ಒಂದು ವರ್ಷದ ವ್ಯತ್ಯಾಸವಿದೆ. ಕಲಘಟಗಿಯಿಂದ ತಂದ ಬಣ್ಣದ ತೊಟ್ಟಿಲ ಸುತ್ತ ಹೆಂಗಸರು ನೆರೆದಿದ್ದರು. ಸೋದರತ್ತೆ, ಎಂದರೆ ಮಾಸ್ತರರ ಅಕ್ಕ, ಕೂಸಿನ ಕಿವಿಯಲ್ಲಿ ಹೆಸರು ಉಸುರಬೇಕು, ಉಳಿದವರು ಆಕೆಯ ಬೆನ್ನಿಗೆ ಗುದ್ದಬೇಕು, ಅದು ಪದ್ಧತಿ. ಮಾಸ್ತರರು ಹೆಸರನ್ನೇ ಆರಿಸಿರಲಿಲ್ಲ.

“ಏನಲೇ, ಇದನ್ನೂ ನಿನ್ನ ಪದ್ಯ ಅಂತ ತಿಳದಿಯೇನು? ಕಿವ್ಯಾಗ ಏನ್ ಹೇಳ್ಲಿ?” ಅಕ್ಕನ ಕಣ್ಣು ತುಂಬಿತ್ತು.

“ಮೊದಲ ಇರ್ಲಿ ಬಿಡಕ್ಕಾ, ಆಮ್ಯಾಲ...”

ಅಕ್ಕ ಸರ್ರನೆ ಬಾಗಿ ಏನೋ ಹೇಳಿಬಿಟ್ಟರು. ಗುದ್ದುಗಳು ಬಿದ್ದವು, ನಗೆ ಎದ್ದಿತು.

“ಏನಂದೀ ಅಕ್ಕಾ?”

“ಬಂದೀಯಲ್ಲ, ನಮ್ಮ ಜೋಡಿ ಇರವ್ವಾ ಅಂದೆ. ಇನ್ನೇನ್ ಅನ್ಲೋ, ಹುಚ್ಚಪ್ಪಾ?”

ಮಾಸ್ತರರ ಕನ್ನಡಕ ಹಣೆಯಿಂದ ಮೂಗಿಗೆ ಜಾರಿತು. ಅವರು ಹೆಂಗಸರತ್ತ ಬೆನ್ನು ಬಾಗಿಸಿ, “ನಾ ಇಷ್ಟ ದಿನ ಪದ್ಯದಾಗ ಬರದದ್ದೂ ಇದನ್ನ ನೋಡ್ರಿ. ನನಗೂ ಗುದ್ರಿ” ಎಂದರು.

ಮೊದಲ ಗುದ್ದು ಅಕ್ಕನದು. ಅದನ್ನು ತಿನ್ನುತ್ತಲೇ ಅವರು ಮಗಳಿಗೆ ಅಕ್ಕನ ಹೆಸರಿಟ್ಟರು.