ಅಡಿಯ ಬಟ್ಟಲಿನ ಮುಚ್ಚಳ

ಮುಚ್ಚಳ ಕಂಡರೆ ಸಾಕು, ನನ್ನ ಹೆಂಡತಿಗೆ ಕೈ ತುರಿಸುತ್ತದೆ. ಕೆಲಸದಿಂದ ಬಂದವಳು ಹೆಗಲ ಚೀಲ ಇಳಿಸುವ ಮೊದಲೇ ಒಲೆಯ ಮೇಲಿನ ಪಾತ್ರೆಗಳನ್ನು ತೆರೆದು ನೋಡಬೇಕು. ಅಡುಗೆ ಏನೆಂದು ಬಾಯಲ್ಲಿ ಹೇಳಿದರೆ ನಂಬುವ ಜಾತಿಯಲ್ಲ. ಅಮ್ಮ ಸೊಸೆಗೆ ಇಣುಕಮ್ಮ ಎಂದೇ ಹೆಸರಿಟ್ಟಿದ್ದಳು. ನಮ್ಮ ಮನೆಯ ಅತ್ತೆ-ಸೊಸೆ ಜಗಳವೆಲ್ಲ ಮುಚ್ಚಳದ ಜಗಳವೇ.

ಹೊಟ್ಟೆಪಾಡಿಗೂ ಅವಳು ಮಾಡುವುದು ಅದನ್ನೇ. ಆಸ್ಪತ್ರೆಗಳಿಗೆ ಪ್ರೋಗ್ರಾಮ್ ಬರೆಯುತ್ತಾಳೆ. ಅದರಲ್ಲಿ ಆಬ್ಜೆಕ್ಟ್ ಎಂದರೆ ಮುಚ್ಚಿದ ಡಬ್ಬಿಯಂತೆ, ಒಳಗಿನ ಖಾನೆಗಳು ಫೀಲ್ಡುಗಳು. ಪ್ರೋಗ್ರಾಮ್ ಓಡುತ್ತಿರುವಾಗಲೇ ಡಬ್ಬಿ ತೆರೆದು, ಯಾವ್ಯಾವ ಫೀಲ್ಡ್ ಇದೆ, ಅದರಲ್ಲಿ ಏನಿದೆ ಎಂದು ನೋಡುವ ವಿದ್ಯೆಗೆ ರಿಫ್ಲೆಕ್ಷನ್ ಅನ್ನುತ್ತಾರೆ. ಕಿಟಕಿಗೆ ಗಾಜು ಕೂರಿಸುವ ನನಗೆ ಇಷ್ಟು ಗೊತ್ತಿರುವುದೇ ಅವಳ ಪುಣ್ಯ.

ಆಸ್ಪತ್ರೆಯ ಅಡುಗೆಮನೆಗೆ ಹೊಸ ಪ್ರೋಗ್ರಾಮ್ ಬಂತು. ಹಳೆಯದರ ಡಬ್ಬಿಗಳನ್ನು ರಿಫ್ಲೆಕ್ಷನ್ನಿನಿಂದ ತೆರೆದು, ಸಿಕ್ಕಿದ್ದನ್ನೆಲ್ಲ ಹೊಸದಕ್ಕೆ ತುಂಬುವ ಕೆಲಸ ಇವಳದು. ರೋಗಿಯ ತಟ್ಟೆಗೆ ಅಂಟಿಸುವ ಚೀಟಿ ಅಲ್ಲಿಂದಲೇ ಅಚ್ಚಾಗುತ್ತದೆ. ಮೊದಲ ಪರೀಕ್ಷೆ ಮೂಳೆ ವಾರ್ಡಿನಲ್ಲಿ, ಮಾರನೆಯ ದಿನದಿಂದ ಇಡೀ ಆಸ್ಪತ್ರೆಗೆ. ಅಟ್ಟದ ಡಬ್ಬಿ ಇಳಿಸಲು ಹೋಗಿ ಕಾಲು ಮುರಿದುಕೊಂಡ ಅಮ್ಮ ಅದೇ ವಾರ್ಡಿನಲ್ಲಿ ಮಲಗಿದ್ದಳು. ಅಮ್ಮನಿಗೆ ಮೊಟ್ಟೆ ಒಗ್ಗುವುದಿಲ್ಲ, ಚೂರು ನಾಲಿಗೆಗೆ ತಾಗಿದರೂ ಗಂಟಲು ಊದಿ ಉಸಿರು ಕಟ್ಟುತ್ತದೆ.

ಮಧ್ಯಾಹ್ನ ತಟ್ಟೆ ಬಂತು, ಅದರಲ್ಲಿ ಒಂದರ ಮೇಲೊಂದು ಪೇರಿಸಿದ ಮುಚ್ಚಳದ ಬಟ್ಟಲುಗಳು. ಅಮ್ಮ ಒಂದೊಂದೇ ಬಟ್ಟಲಿನ ಮುಚ್ಚಳ ಎತ್ತಿ ನೋಡತೊಡಗಿದಳು. ಸೊಸೆಯ ಗಾಳಿ ಬೀಸಿತಾ ಎಂದು ನಾನು ಕೆಣಕಿದೆ. ಅಡಿಯ ಬಟ್ಟಲು ತೆರೆದವಳ ಕೈ ಅಲ್ಲೇ ನಿಂತಿತು. ಒಳಗೆ ಬೇಯಿಸಿದ ಮೊಟ್ಟೆ. ಚೀಟಿಯಲ್ಲಿ ಅಮ್ಮನ ಹೆಸರಿತ್ತು, ಹಾಸಿಗೆಯ ನಂಬರಿತ್ತು, ಮೆತ್ತನೆಯ ಊಟ ಎಂದೂ ಇತ್ತು. ಹಿಂದಿನ ದಿನದವರೆಗೂ ಇರುತ್ತಿದ್ದ, ಮೊಟ್ಟೆ ಬೇಡ ಎಂಬ ಕೆಂಪು ಸಾಲು ಮಾತ್ರ ಇರಲಿಲ್ಲ. ನರ್ಸು ಓಡಿಹೋಗಿ ಉಳಿದ ತಟ್ಟೆಗಳನ್ನೂ ತಡೆದಳು, ನಾನು ಹೆಂಡತಿಗೆ ಫೋನ್ ಮಾಡಿದೆ.

ಬಂದವಳೇ ವಾರ್ಡಿನ ಬೆಂಚಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಕೂತಳು. ಆ ಡಬ್ಬಿಗಳಿಗೂ ವಂಶವಿದೆಯಂತೆ. 'ಮಧ್ಯಾಹ್ನದ ತಟ್ಟೆ' ಎಂಬುದಕ್ಕೆ 'ವಾರ್ಡಿನ ತಟ್ಟೆ' ತಾಯಿ, ಬರೀ 'ತಟ್ಟೆ' ಎಂಬುದು ಅಜ್ಜಿ. ಫೀಲ್ಡುಗಳನ್ನು ತೋರಿಸು ಎಂದರೆ ಪ್ರತಿಯೊಬ್ಬರೂ ತಮ್ಮದನ್ನಷ್ಟೇ ತೋರಿಸುತ್ತಾರೆ. ಹಿರಿಯರಲ್ಲಿರುವುದು ಬೇಕಾದರೆ ಒಂದೊಂದೇ ತಲೆಮಾರು ಹತ್ತಿ ಕೇಳಬೇಕು. ಇವಳು ತಾಯಿಯವರೆಗೆ ಹತ್ತಿ ನಿಂತುಬಿಟ್ಟಿದ್ದಳು. ಒಗ್ಗದ ಪದಾರ್ಥದ ಫೀಲ್ಡ್ ಅಜ್ಜಿಯಲ್ಲಿತ್ತು. ಮೇಲೆ ಇನ್ನು ಯಾರೂ ಇಲ್ಲ ಎನ್ನುವವರೆಗೂ ಹತ್ತುವಂತೆ ಆಗಲೇ ತಿದ್ದಿದಳು. ಸಂಜೆಯ ಚೀಟಿಗಳಲ್ಲಿ ಕೆಂಪು ಸಾಲು ಬಂತು.

ಆಮೇಲೆ ಅತ್ತೆಯ ಹಾಸಿಗೆಯ ಪಕ್ಕ ಕೂತು ಅತ್ತಳು.

"ತಪ್ಪಾಯ್ತು ಅತ್ತೆ. ಇನ್ಮೇಲೆ ಮನೇಲಿ ಯಾವ ಮುಚ್ಚಳಾನೂ ಮುಟ್ಟಲ್ಲ."

"ಇಣುಕಿದ್ದಕ್ಕೇ ಕಣೇ ನಾನು ಬದುಕಿದ್ದು," ಅಂದಳು ಅಮ್ಮ. "ನೀನು ಇಣುಕಿದ್ದು ತಪ್ಪಲ್ಲ, ಅರ್ಧಕ್ಕೆ ನಿಲ್ಲಿಸಿದ್ದು ತಪ್ಪು."

ಅಷ್ಟರಲ್ಲಿ ರಾತ್ರಿಯ ತಟ್ಟೆ ಬಂತು. ಚೀಟಿಯಲ್ಲಿ ಕೆಂಪು ಸಾಲು ಎದ್ದು ಕಾಣುತ್ತಿತ್ತು. ಆದರೂ ಅಮ್ಮ ತಟ್ಟೆಯನ್ನು ಸೊಸೆಯ ಕಡೆಗೆ ತಳ್ಳಿದಳು.

"ತಗೋ, ನೀನೇ ತೆಗೆದು ನೋಡು. ಅಡೀದನ್ನೂ ಬಿಡಬೇಡ."

ಇಣುಕಮ್ಮ ಕಣ್ಣೊರೆಸಿಕೊಂಡು ಎಲ್ಲ ಮುಚ್ಚಳಗಳನ್ನೂ ತೆರೆದು ನೋಡಿದಳು. ಅವಳು ತಲೆಯಾಡಿಸಿದ ಮೇಲೆಯೇ ಅಮ್ಮ ತುತ್ತು ಬಾಯಿಗಿಟ್ಟಿದ್ದು.