ಚೈತ್ರಳ ಟಿವಿ ಗೇಮೂ ನಮ್ಮೂರ ಅಧ್ಯಕ್ಷಗಿರಿಯೂ

ಮೂರು ದಿನ ನಾನು ಟಿವಿ ಗೇಮ್ ಆಡಿದೆ. ನಾಲ್ಕನೇ ದಿನ ಗೊತ್ತಾಯಿತು, ನಾನು ಆಡಿಯೇ ಇರಲಿಲ್ಲ!

ಆದದ್ದು ಇಷ್ಟು, ಪೇಪರು ಓದುವ ಮಕ್ಕಳೇ. ದಸರಾ ರಜೆಗೆ ನನ್ನ ಮಗಳ ಮಗಳು ಚೈತ್ರ ಕೆ.ಆರ್. ನಗರದಿಂದ ನಮ್ಮೂರಿಗೆ ಬಂದಳು. ಒಂಬತ್ತನೇ ಕ್ಲಾಸು. ಬ್ಯಾಗಿನಲ್ಲಿ ಒಂದೂ ಪುಸ್ತಕವಿಲ್ಲ. ಎರಡು ಜೊತೆ ಬಟ್ಟೆಯ ನಡುವೆ ಜೋಪಾನವಾಗಿ ಸುತ್ತಿಟ್ಟ ಒಂದು ಟಿವಿ ಗೇಮ್. ಅವಳಪ್ಪ ಕೊಪ್ಪದ ಅಂಗಡಿಯಲ್ಲಿ ಕೊಡಿಸಿದ್ದಂತೆ. ಟಿವಿಯ ಹಿಂದೆ ಏನನ್ನೋ ಚುಚ್ಚಿ, ಕ್ಯಾಸೆಟ್ ಹಾಕಿ, ನನ್ನ ಕೈಗೂ ಒಂದು ರಿಮೋಟು ಕೊಟ್ಟಳು.

"ಅಜ್ಜಿ, ನೀನು ಎರಡನೇ ಪ್ಲೇಯರ್. ಸುಮ್ನೆ ಒತ್ತುತಾ ಇರು."

ಒತ್ತಿದೆ. ಪರದೆಯ ಮೇಲೆ ಒಬ್ಬ ಸಿಪಾಯಿ ಓಡುತ್ತಿದ್ದ. ಅವನು ಹಳ್ಳ ಹಾರಿದಾಗಲೆಲ್ಲ ನಾನೇ ಹಾರಿಸಿದೆ ಅಂದುಕೊಂಡೆ. ಬಿದ್ದು ಸತ್ತಾಗಲೆಲ್ಲ ಚೈತ್ರ ಬೀಳಿಸಿದಳು ಅಂದುಕೊಂಡೆ. (ವಿಧಾನಸೌಧದಲ್ಲೂ ಎಲ್ಲರೂ ಹೀಗೇ ಅಂದುಕೊಳ್ಳುವುದು ಅಂತ ಕೇಳಿದ್ದೇನೆ.)

ನಾಲ್ಕನೇ ದಿನ ಕಸ ಗುಡಿಸುವಾಗ ನೋಡುತ್ತೇನೆ, ನನ್ನ ರಿಮೋಟಿನ ವೈರು ಬಾಲ ಕತ್ತರಿಸಿದ ಹಲ್ಲಿಯ ಹಾಗೆ ನೆಲದ ಮೇಲೆ ಬಿದ್ದಿದೆ.

"ಇದನ್ನ ಚುಚ್ಚೇ ಇಲ್ವಲ್ಲೇ!"

"ಅದು ಒಬ್ಬರೇ ಆಡೋ ಗೇಮ್ ಅಜ್ಜಿ. ನೀನು ಅಷ್ಟು ಖುಷಿಯಾಗಿ ಒತ್ತುತಾ ಇದ್ದೆ, ಯಾಕೆ ಹೇಳಿ ಬೇಜಾರು ಮಾಡ್ಲಿ ಅಂತ ಸುಮ್ನಿದ್ದೆ." ಪರದೆಯಿಂದ ಕಣ್ಣು ತೆಗೆಯದೆ ಇನ್ನೊಂದು ಮಾತು ಸೇರಿಸಿದಳು. "ನಿನಗೇನು ಇದು ಹೊಸದಾ? ಪಂಚಾಯ್ತೀಲೂ ಹಂಗೇ ಅಲ್ವಾ? ಮೆಂಬರ್ ನೀನು, ಆಡೋದು ಚಿಕ್ಕತಾತ."

ಪೊರಕೆ ಕೈಯಲ್ಲೇ ಉಳಿಯಿತು.

ಚಿಕ್ಕತಾತ ಅಂದರೆ ನನ್ನ ಮೈದುನ ಜವರಪ್ಪ. ಒಳ್ಳೆಯ ಮನುಷ್ಯ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಒಂದು ವರ್ಷವೂ ತಪ್ಪದೆ ಮೊದಲು ನನ್ನ ಗದ್ದೆ ಉತ್ತು ಆಮೇಲೆ ತನ್ನ ಗದ್ದೆಗೆ ನೇಗಿಲು ಹೂಡಿದವನು. ನಮ್ಮ ವಾರ್ಡು ಮಹಿಳೆಗೆ ಮೀಸಲು ಅಂತ ಆದಾಗ, "ಅತ್ಗೆ, ಒಂದ್ ಸೈನ್ ಹಾಕಿ" ಅಂದ. ಹಾಕಿದೆ. ಎದುರಿಗೆ ಯಾರೂ ನಿಲ್ಲಲಿಲ್ಲ. ಮರುದಿನ ನಾನು ಗ್ರಾಮ ಪಂಚಾಯ್ತಿ ಮೆಂಬರು!

ಅಲ್ಲಿಗೆ ನನ್ನ ರಾಜಕೀಯ ಮುಗಿಯಿತು. ಮೀಟಿಂಗಿಗೆ ಅವನು ಹೋಗುತ್ತಾನೆ. ಮೀಟಿಂಗಿನ ಬುಕ್ಕು ಮನೆಗೆ ಬರುತ್ತದೆ. ನಾನು ಸೈನ್ ಮಾಡುತ್ತೇನೆ. (ಊರ ಸ್ಕೂಲಿನಲ್ಲಿ ಓದಿದ್ದು ಏಳೇ ಕ್ಲಾಸಾದರೂ ನನ್ನ ಅಕ್ಷರ ಮುತ್ತಿನಂತಿದೆ. ಏನು ಬರೆದಿದೆ ಅಂತ ಓದಲು ಮಾತ್ರ ಯಾರೂ ಪುರುಸೊತ್ತು ಕೊಟ್ಟಿಲ್ಲ.)

ನಮ್ಮ ಚೈತ್ರಳಿಗೆ ರಾಜಕೀಯ ಎಲ್ಲಿಂದ ಬಂತು? ಅವಳಪ್ಪ ಟಿವಿಯಲ್ಲಿ ನ್ಯೂಸ್ ಹಾಕುತ್ತಾನೆ. ಅದು ಮುಗಿಯದೆ ಇವಳಿಗೆ ಗೇಮ್ ಹಾಕಲು ಟಿವಿ ಸಿಗುವುದಿಲ್ಲ. ಕಾಯುತ್ತ ಕಾಯುತ್ತ ಕಲಿತಿದ್ದಾಳೆ.

"ಈ ಕ್ಯಾಸೆಟ್ ನೋಡಜ್ಜಿ. ಮೇಲೆ ಒಂಬೈನೂರ ತೊಂಬತ್ತೊಂಬತ್ತು ಗೇಮು ಅಂತ ಬರೆದವ್ರೆ. ಹನ್ನೆರಡು ಆದ್ಮೇಲೆ ಮತ್ತೆ ಅವೇ ಬರ್ತವೆ. ಹೆಸರು ಬೇರೆ, ಬಣ್ಣ ಬೇರೆ, ಒಳಗಡೆ ಅದೇ ಸಿಪಾಯಿ. ಪಾರ್ಟಿ ಬಿಟ್ಟು ಪಾರ್ಟಿಗೆ ಹಾರ್ತಾರಲ್ಲ, ಹಂಗೆ."

"ಎರಡು ಪಾರ್ಟಿ ಸೇರಿ ಸರದಿ ಮೇಲೆ ನಡೆಸೋ ಸರ್ಕಾರದ ಕತೆ ಏನೇ ಮತ್ತೆ?"

"ಅದು ಟೂ ಪ್ಲೇಯರ್ ಗೇಮು. ಇಬ್ಬರಿಗೂ ಒಂದೇ ರಿಮೋಟು. ಒಬ್ಬರು ಔಟಾದ್ರೆ ಇನ್ನೊಬ್ಬರ ಟರ್ನು. ಮೊದಲನೆಯವರು ಔಟೇ ಆಗಲ್ಲ ಅಂದ್ರೆ ಏನ್ ಮಾಡೋದು? ರಿಮೋಟು ಕಿತ್ಕೋಬೇಕು. ಇಲ್ಲಾಂದ್ರೆ ಟಿವಿ ಆಫ್ ಮಾಡ್ಬೇಕು."

ಪೇಪರಿನಲ್ಲಿ ಇಷ್ಟು ಚೆನ್ನಾಗಿ ಯಾರಾದರೂ ಬಿಡಿಸಿ ಹೇಳಿದ್ದಾರೆಯೇ?

ಇದೆಲ್ಲ ನಡೆಯುವ ಹೊತ್ತಿಗೇ ನಮ್ಮ ಪಂಚಾಯ್ತಿಗೂ ಹೊಸ ಅಧ್ಯಕ್ಷರ ಆಯ್ಕೆ ಬಂತು. ಈ ಸಲ ಅಧ್ಯಕ್ಷಗಿರಿಯೂ ಮಹಿಳೆಗೇ ಮೀಸಲು. ಒಟ್ಟು ಹನ್ನೊಂದು ಮೆಂಬರುಗಳು. ನಿಂತವರು ಇಬ್ಬರು. ಒಬ್ಬಳು ಪುಟ್ಟಮ್ಮಣ್ಣಿ. (ಅಂದರೆ ಅವಳ ಗಂಡ ಶಿವಣ್ಣೇಗೌಡ.) ಇನ್ನೊಬ್ಬಳು ಸಾಕಮ್ಮ. (ಅಂದರೆ ಸಾಕಮ್ಮನೇ.)

ಸಾಕಮ್ಮ ಕೆಳಗಿನ ಬೀದಿಯವಳು. ಕಂಡವರ ಗದ್ದೆಯಲ್ಲಿ ಕಳೆ ಕಿತ್ತು ಬದುಕುವವಳು. ಹೆಂಗಸು ಮೆಂಬರುಗಳಲ್ಲಿ ಮೀಟಿಂಗಿಗೆ ತಾನೇ ಹೋಗಿ ಕೂರುವವಳು ಅವಳೊಬ್ಬಳೇ. ಅವಳು ಕೇಳುತ್ತಿದ್ದದ್ದು ಒಂದೇ ಒಂದು. ನಮ್ಮೂರ ನಲ್ಲಿಗೆ ನೀರು ಬಿಡುವುದು ಬೆಳಿಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ಹೆಂಗಸರೆಲ್ಲ ಗದ್ದೆಯಲ್ಲಿ. ಕೊಡ ಇಡುವವರಿಲ್ಲದೆ ಅರ್ಧ ನೀರು ಚರಂಡಿಗೆ. ಸಂಜೆ ನಾವು ಬಂದು ಕೈಪಂಪು ಜಗ್ಗಬೇಕು. ಅದನ್ನು ಏಳು ಗಂಟೆಗೆ ಬಿಡಿಸಿ ಅಂತ ಅವಳು ಪ್ರತಿ ಮೀಟಿಂಗಿನಲ್ಲೂ ಕೇಳುತ್ತಿದ್ದಳಂತೆ. ಗಂಡಸರು ನಗುತ್ತಿದ್ದರಂತೆ. ಹೇಗೆ ಅರ್ಥವಾಗಬೇಕು? ಮೀಟಿಂಗಿನಲ್ಲಿ ಕೊಡ ಹೊತ್ತ ಸೊಂಟ ಬೇರೆ ಒಂದೂ ಇರಲಿಲ್ಲವಲ್ಲ.

ನನಗೆ ಸಾಕಮ್ಮ ಗೆಲ್ಲಬೇಕು ಅಂತ ಆಸೆ. ಆದರೆ ನನ್ನ ಓಟು ನಿಮಗೇ ಅಂತ ಜವರಪ್ಪ ಆಗಲೇ ಶಿವಣ್ಣೇಗೌಡರಿಗೆ ಮಾತು ಕೊಟ್ಟಾಗಿತ್ತು. ನನ್ನ ಗದ್ದೆ ಉಳುವವನ ಮಾತು. ಮೀರುವುದು ಹೇಗೆ? ಮೀರಿ ಅವನ ಮುಖ ನೋಡುವುದು ಹೇಗೆ?

ಲೆಕ್ಕ ಹೀಗಿತ್ತು. ಸಾಕಮ್ಮನ ಕಡೆ ಅವಳೂ ಸೇರಿ ನಾಲ್ಕು. ಶಿವಣ್ಣೇಗೌಡರ ಕಡೆ ಏಳು. ಏಳರಲ್ಲಿ ಮೂವರು ಗಂಡಸು ಮೆಂಬರುಗಳು. ಉಳಿದ ನಾಲ್ವರು ಪುಟ್ಟಮ್ಮಣ್ಣಿ, ಜಯಮ್ಮ, ಲಕ್ಷ್ಮಮ್ಮ ಮತ್ತು ನಾನು.

ಚುನಾವಣೆಗೆ ಮೊದಲು ಮೆಂಬರುಗಳನ್ನು ಟೂರಿಗೆ ಕರೆದುಕೊಂಡು ಹೋಗುವ ಪದ್ಧತಿ ನಿಮಗೆ ಗೊತ್ತಲ್ಲ? ಎದುರು ಕಡೆಯವರು ಎಳೆದುಕೊಂಡು ಹೋಗದ ಹಾಗೆ ನಮ್ಮವರನ್ನು ನಾವೇ ಎತ್ತಿ ಬಚ್ಚಿಡುವುದು. ಶಿವಣ್ಣೇಗೌಡರು ಮಿರ್ಲೆಯಿಂದ ಟೆಂಪೋ ತರಿಸಿದರು. ಮಡಿಕೇರಿ ಕಡೆಗೆ ಮೂರು ದಿನದ ಟೂರು. ಏಳು ಮೆಂಬರುಗಳಿಗೆ ಏಳು ಸೀಟು.

ಹತ್ತಿದವರು ಯಾರು? ಮೂವರು ಗಂಡಸು ಮೆಂಬರುಗಳು. ಪುಟ್ಟಮ್ಮಣ್ಣಿಯ ಬದಲು ಶಿವಣ್ಣೇಗೌಡರು. ಜಯಮ್ಮನ ಬದಲು ಅವಳ ಗಂಡ. ಲಕ್ಷ್ಮಮ್ಮನ ಬದಲು ಅವಳ ಮಗ. ನನ್ನ ಬದಲು ಜವರಪ್ಪ, ಹೊಸ ಸ್ವೆಟರು ಹಾಕಿಕೊಂಡು.

"ಅತ್ಗೆ, ಉಸಾರು ಕಣಿ. ಆ ಕಡೆಯೋರು ಬಂದು ನಮ್ಮನ್ನ ಎತ್ತಾಕ್ಕೊಂಡೋಗ್ಬುಡ್ತಾರೆ ಅಂತ ಮೂರ್ ದಿನ ಊರಲ್ಲಿರಾಕಿಲ್ಲ."

"ನಿನ್ನನ್ನ ಎತ್ಕೊಂಡೋಗಿ ಏನ್ ಮಾಡ್ತಾರಪ್ಪ?" ಅಂದೆ.

"ನನ್ತಾವ ಓಟೈತಲ್ಲ!" ಅಂದು ಕಿಟಕಿ ಸೀಟು ಹಿಡಿಯಲು ಓಡಿದ.

ಟೆಂಪೋ ಧೂಳೆಬ್ಬಿಸಿ ಹೋಯಿತು. ಓಟುಗಳು ಊರಲ್ಲೇ ಉಳಿದವು.

ಗಂಡಸರಿಲ್ಲದ ಮನೆಗಳಲ್ಲಿ ಸಂಜೆ ಕೆಲಸ ಎಷ್ಟು ಬೇಗ ಮುಗಿಯುತ್ತದೆ ಅಂತ ನಮಗೆ ಗೊತ್ತೇ ಇರಲಿಲ್ಲ. ಚೈತ್ರಳ ಗೇಮ್ ನೋಡಲು ಜಯಮ್ಮ, ಲಕ್ಷ್ಮಮ್ಮ ಬಂದರು. ಎರಡನೇ ದಿನ ಪುಟ್ಟಮ್ಮಣ್ಣಿಯೂ ಬಂದಳು. ಲಕ್ಷ್ಮಮ್ಮ ರಿಮೋಟು ಹಿಡಿದು ಸಿಪಾಯಿಯನ್ನು ಒಂದೇ ಹಳ್ಳಕ್ಕೆ ಎಂಟು ಸಲ ಕೆಡವಿ, "ಇವ್ನಿಗೆ ಕಣ್ ಕಾಣಾಕಿಲ್ವೇನವ್ವಾ?" ಅಂತ ಅವನನ್ನೇ ಬೈದಳು.

"ಇದು ಹಳೇ ಕಾಲದ್ದು ಬಿಡಿ ಅಜ್ಜೀರಾ" ಅಂದಳು ಚೈತ್ರ. "ನಮ್ಮ ಕೆ.ಆರ್. ನಗರದಲ್ಲಿ ಕಂಪ್ಯೂಟರ್ ಸೆಂಟರಿಗೆ ಹೊಸ ಗೇಮು ಬಂದಿದೆ. ಅದ್ರಲ್ಲಿ ಗುಂಡು ಹಾರ್ಸೋದೇ ಇಲ್ಲ. ನಾವೇ ಒಂದು ಊರು ಕಟ್ಟಬೇಕು. ರಸ್ತೆ, ಕರೆಂಟು, ನೀರು ಎಲ್ಲಾ ಕೊಡಬೇಕು. ನೀರು ಸರಿಯಾಗಿ ಕೊಡ್ಲಿಲ್ಲ ಅಂದ್ರೆ ಜನ ಮೂಟೆ ಕಟ್ಕೊಂಡು ಊರೇ ಬಿಟ್ಟು ಹೋಗ್ತಾರೆ."

"ಅದ್ಯಾವ ಆಟವೇ ನನ್ನವ್ವಾ, ನೀರು ಬುಡೋದೂ ಒಂದ್ ಆಟ್ವಾ?" ಅಂದಳು ಜಯಮ್ಮ.

ನಾನು ಕೇಳಿದೆ, "ಆ ಆಟದಲ್ಲಿ ನೀರು ಎಷ್ಟೊತ್ತಿಗೆ ಬಿಡಬೇಕು ಅಂತ ಯಾರು ಹೇಳೋದು?"

"ಯಾರು ಆಡ್ತಾರೋ ಅವರು."

ಪುಟ್ಟಮ್ಮಣ್ಣಿ ನಿಟ್ಟುಸಿರು ಬಿಟ್ಟಳು. "ನಮ್ಮ್ ಯಜಮಾನ್ರು ಮಡಿಕೇರಿತಾವ ನೀರು ಮೇಲಿಂದ ಬೀಳೋದ್ ನೋಡಾಕೆ ಓಗವ್ರೆ. ಇಲ್ ನಲ್ಲೀಲಿ ಬೀಳೋದ್ ನೋಡೋರಿಲ್ಲ."

ನಾವು ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು.

"ನೀನು ಅಧ್ಯಕ್ಷೆ ಆಯ್ತೀಯಲ್ಲ, ನೋಡ್ಕೋ" ಅಂದಳು ಲಕ್ಷ್ಮಮ್ಮ.

"ನಾನೆಲ್ಲವ್ವಾ ಆಗೋದು? ಆಗೋರು ಅವ್ರು. ಬಂದೋರ್ಗೆಲ್ಲಾ ಕಾಪಿ ಕಾಯ್ಸೋಳು ನಾನು. ಈಗ್ಲೇ ದಿನಕ್ಕೆ ಇಪ್ಪತ್ತು ಲೋಟ ತೊಳೀತೀನಿ."

ಅಷ್ಟೇ. ಯಾರಿಗೆ ಓಟು ಅನ್ನುವ ಮಾತನ್ನು ಒಬ್ಬರೂ ಎತ್ತಲಿಲ್ಲ. (ಇದನ್ನು ಆಣೆ ಇಟ್ಟು ಹೇಳುತ್ತೇನೆ.) ಎಲ್ಲರೂ ಎದ್ದು ಕೈಪಂಪಿಗೆ ಹೋದೆವು.

ಚುನಾವಣೆಯ ದಿನ ಟೆಂಪೋ ನೇರವಾಗಿ ಪಂಚಾಯ್ತಿ ಆಫೀಸಿನ ಮುಂದೆಯೇ ಬಂದು ನಿಂತಿತು. ನಮ್ಮನ್ನೂ ಬರಹೇಳಿದ್ದರು, ಸೈನ್ ಹಾಕಲು. ಗಂಡಸರು ಇಳಿದು, ರೂಢಿಯಂತೆ ಒಳಗೆ ಹೋಗಿ ರೂಢಿಯ ಕುರ್ಚಿಗಳಲ್ಲಿ ಕೂತರು. ನಾವು ಬಾಗಿಲ ಬಳಿ ಗೋಡೆಗೆ ಅಂಟಿಕೊಂಡು ನಿಂತೆವು.

ತಾಲ್ಲೂಕಿನಿಂದ ಬಂದಿದ್ದ ಚುನಾವಣೆ ಆಫೀಸರು ಹೊಸಬರು. ಕನ್ನಡಕ ಏರಿಸಿ ಪಟ್ಟಿ ಓದಿದರು.

"ಶ್ರೀಮತಿ ನಿಂಗಮ್ಮ?"

"ಹಾಜರ್" ಅಂದ ಜವರಪ್ಪ.

ಆಫೀಸರು ತಲೆ ಎತ್ತಿ ಅವನನ್ನು ಮೇಲಿಂದ ಕೆಳಗೆ ನೋಡಿದರು. "ನಿಂಗಮ್ಮನವರೇ, ಮೀಸೆ ಬಹಳ ಚೆನ್ನಾಗಿದೆ. ಈಗ ದಯವಿಟ್ಟು ಆಚೆ ಹೋಗ್ತೀರಾ?"

ಸಾಕಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. ಜವರಪ್ಪನ ಹಿಂದೆ ಇನ್ನೂ ಮೂವರು 'ಶ್ರೀಮತಿ'ಯರು ಎದ್ದು ಆಚೆ ಹೋಗಬೇಕಾಯಿತು. ಶಿವಣ್ಣೇಗೌಡರು ಹೋಗುವಾಗ ಹೆಂಡತಿಯ ಕಡೆ ತಿರುಗಿ, "ನಿನ್ ಎಸ್ರಿಗೇ ಆಕು, ಗೊತ್ತಾಯ್ತಾ?" ಅಂತ ಪಿಸುಗುಟ್ಟಿದರು. ಅವಳು ತಲೆ ಆಡಿಸಿದಳು. ಯಾವ ದಿಕ್ಕಿಗೆ ಅಂತ ನನಗೆ ಸರಿಯಾಗಿ ಕಾಣಲಿಲ್ಲ.

ನಾನು ಮೊದಲ ಸಲ ನನ್ನ ಕುರ್ಚಿಯಲ್ಲಿ ಕೂತೆ. ಕುರ್ಚಿ ಇನ್ನೂ ಬೆಚ್ಚಗಿತ್ತು.

ಗುಪ್ತ ಮತದಾನ. ಒಂದು ಮೂಲೆಯಲ್ಲಿ ಅಡ್ಡ ಪರದೆ, ಒಂದು ಮೇಜು, ಒಂದು ಪೆನ್ನು, ಎರಡು ಹೆಸರಿರುವ ಚೀಟಿ. ಒಳಗೆ ಹೋದೆ. ಕಿಟಕಿಯಿಂದ ಆಚೆ ಜವರಪ್ಪ ಕಾಣುತ್ತಿದ್ದ. ಬೇವಿನ ಮರದ ಕೆಳಗೆ, ಸ್ವೆಟರು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು, ತನ್ನ ಎತ್ತುಗಳಷ್ಟೇ ನನ್ನನ್ನೂ ನಂಬಿಕೊಂಡು ನಿಂತಿದ್ದ. ಪೆನ್ನನ್ನು ಎರಡು ಸಲ ಕೆಳಗಿಟ್ಟೆ. ಗದ್ದೆ ನೆನಪಾಯಿತು. ಕೈಪಂಪಿನ ಹಿಡಿ ನೆನಪಾಯಿತು. ಅವನು ಕೆಟ್ಟವನಾಗಿದ್ದರೆ ಎಷ್ಟು ಸುಲಭವಾಗಿತ್ತು!

ಮೂರನೇ ಸಲ ಪೆನ್ನು ಎತ್ತಿ ಗುರುತು ಹಾಕಿದೆ. ಯಾರ ಹೆಸರಿನ ಮುಂದೆ? ಅದನ್ನು ಬರೆಯುವ ಹಾಗಿಲ್ಲ. ಗುಪ್ತ ಅಂದರೆ ಗುಪ್ತ.

ಎಲ್ಲರಿಗಿಂತ ಹೆಚ್ಚು ಹೊತ್ತು ಪರದೆಯ ಹಿಂದೆ ಇದ್ದವಳು ಪುಟ್ಟಮ್ಮಣ್ಣಿ. ಆಚೆ ಬಂದಾಗ ಅವಳ ಮುಖ ಎಣ್ಣೆ ಸ್ನಾನ ಮಾಡಿದ ಹಾಗಿತ್ತು.

ಎಣಿಸಿದರು. ಸಾಕಮ್ಮ ಎಂಟು. ಪುಟ್ಟಮ್ಮಣ್ಣಿ ಮೂರು.

ಬೇವಿನ ಮರದ ಕೆಳಗೆ ತನಿಖೆ ಶುರುವಾಯಿತು.

"ನಮ್ ಮೂರೂ ಬಿದ್ದವೆ, ದೇವ್ರಾಣೆ" ಅಂದರು ಗಂಡಸು ಮೆಂಬರುಗಳು.

"ನಮ್ಮೋಳು ನನ್ ಮಾತು ಮೀರಾಕಿಲ್ಲ ಕಣ್ಲಾ" ಅಂದ ಜಯಮ್ಮನ ಗಂಡ.

"ನಮ್ಮವ್ವಂಗೆ ಎಸ್ರು ಎಲ್ಲಿರ್ತೈತೆ ಅಂತ್ಲೂ ಯೋಳ್ಕೊಟ್ಟಿವ್ನಿ" ಅಂದ ಲಕ್ಷ್ಮಮ್ಮನ ಮಗ.

"ನಮ್ಮತ್ಗೆ ಅಂಥೋರಲ್ಲ" ಅಂದ ಜವರಪ್ಪ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನಾನು ಮುಖ ತಿರುಗಿಸಿದೆ.

"ಇನ್ ನಮ್ಮನೇದಾ? ಅವಳೇ ಕ್ಯಾಂಡಿಡೇಟು ಕಣ್ರಯ್ಯಾ!" ಅಂತ ಶಿವಣ್ಣೇಗೌಡರು ಟವೆಲ್ ಕೊಡವಿದರು.

ನೋಡಿ, ಏಳಕ್ಕೆ ಏಳೂ ಬಿದ್ದಿದ್ದವು. ಎಣಿಸಿದಾಗ ಮಾತ್ರ ಮೂರು. (ಲೆಕ್ಕ ಬರುವ ಮೊಮ್ಮಕ್ಕಳು ಲೆಕ್ಕ ಮಾಡಿಕೊಳ್ಳಿ, ಆದರೆ ಜೋರಾಗಿ ಹೇಳಬೇಡಿ. ಜವರಪ್ಪ ಪೇಪರಿನಲ್ಲಿ ಕ್ರಿಕೆಟ್ ಬಿಟ್ಟು ಬೇರೇನೂ ಓದುವುದಿಲ್ಲ.)

ಮನೆಗೆ ನಡೆದು ಬರುವಾಗ ಅವನು ಸೈಕಲ್ಲು ತಳ್ಳಿಕೊಂಡು ನನ್ನ ಜೊತೆಗೇ ಬಂದ. ತೂಬಿನ ತನಕ ಬಂದೆವು. ಅಲ್ಲಿ ನಿಂತ.

"ಅತ್ಗೆ, ನೀವು..."

ನಾನು ಸೆರಗು ಸರಿಮಾಡಿಕೊಂಡೆ.

"ಬುಡಿ, ಕೇಳಾಕಿಲ್ಲ. ಕೇಳುದ್ರೆ ನೀವು ನಿಜ ಯೋಳ್ಬುಡ್ತೀರಿ." ಸೈಕಲ್ಲು ಹತ್ತಿದ. ಸ್ವಲ್ಪ ದೂರ ಹೋಗಿ ಹಿಂದಕ್ಕೆ ತಿರುಗದೆ ಕೂಗಿದ. "ನಾಳೆ ನಿಮ್ ಮ್ಯಾಗಲ್ ಗದ್ದೆಗೆ ನೀರ್ ಕಟ್ತೀನಿ. ಮುಂದಿನ್ ಮೀಟಿಂಗು ಸೋಮವಾರ ಅಂತೆ. ನೀವೇ ಓಗ್ಬನ್ನಿ, ಆ ಆಪೀಸರು ನನ್ ಮೀಸೆ ಮ್ಯಾಲೆ ಕಣ್ಣಾಕವ್ನೆ!"

ಗುಪ್ತ ಮತದಾನವನ್ನು ಕಂಡುಹಿಡಿದವನು ಯಾರೋ ಗಂಡಸು ಇರಬೇಕು ಅನ್ನುತ್ತಾಳೆ ಚೈತ್ರ. ನಾನು ಒಪ್ಪುವುದಿಲ್ಲ. ಅದು ಹೆಂಗಸೇ, ಮತ್ತು ಅವಳಿಗೊಬ್ಬ ಒಳ್ಳೆಯ ಮೈದುನ ಇದ್ದಿರಲೇಬೇಕು.